ಫುಟ್‌ಬಾಲ್ ಕ್ಲಬ್‌ಗೆ ಆಯ್ಕೆಯಾದ ತಮ್ಮನಿಗೆ ಜನರ ಟೀಕೆ ತಾಗದ ಹಾಗೆ ಮನಸ್ಸು ಗಟ್ಟಿ ಮಾಡುವುದು ಹೇಗೆ?

ಬದಿಯಡ್ಕ ಪೇಟೆಯಲ್ಲಿ ತಮ್ಮನ ಫ್ಲೆಕ್ಸ್ ಕಟ್ಟಿದ್ದೇವೆ ಎಂದು ಬರೆದಿದ್ದೀರಿ. ಅದನ್ನು ಓದಿ ಎದೆ ಧಸಕ್ಕೆಂದಿತು. ಉಪ್ಪಳದಲ್ಲಿ ನನ್ನದೂ ಒಂದು ಫ್ಲೆಕ್ಸ್ ಇತ್ತು.

ನಾನು ಸೆವೆನ್ಸ್, ಅಂದರೆ ತಂಡಕ್ಕೆ ಏಳು ಜನರ ಫುಟ್‌ಬಾಲ್, ಆಡಿ ಬೆಳೆದವನು. ಕೊಯ್ಲು ಮುಗಿದ ಗದ್ದೆ, ರಾತ್ರಿ ಲೈಟು, ಅಡಿಕೆ ಮರ ಕಟ್ಟಿ ಮಾಡಿದ ಗ್ಯಾಲರಿ. ಗೋಲು ಹೊಡೆದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ತಪ್ಪಿದರೆ ಕನ್ನಡ, ತುಳು, ಮಲಯಾಳ ಮೂರರಲ್ಲೂ ಬೈಗುಳ. ಬೈಗುಳ ಕೇಳಿ ಕೇಳಿ ನನ್ನ ಮನಸ್ಸು ಗಟ್ಟಿಯಾಗಿದೆ ಅಂತಲೇ ತಿಳಿದಿದ್ದೆ.

2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ನಮ್ಮ ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ ಹೆಡರ್ ಹೊಡೆದು ಗೋಲು ಮಾಡಿದರು. ಪೆನಾಲ್ಟಿಯಲ್ಲಿ ಸೋತರೂ ಆ ಗೋಲನ್ನು ನಮ್ಮವರು ಮರೆಯಲಿಲ್ಲ. ಮರುವರ್ಷ ನಾನು ಒಂದು ಕ್ಲಬ್‌ಗೆ ಆಯ್ಕೆಯಾದಾಗ ಊರಿಡೀ ‘ಇನ್ನೊಬ್ಬ ರಫಿ’ ಎಂದಿತು. ರಫಿ ಫಾರ್ವರ್ಡ್, ನಾನು ಮಿಡ್‌ಫೀಲ್ಡರ್. ಅದನ್ನು ಯಾರೂ ನೋಡಲಿಲ್ಲ. ನನಗೂ ಆ ಹೆಸರು ಇಷ್ಟವಾಗಿತ್ತು.

ಮೂರನೇ ಪಂದ್ಯದಲ್ಲಿ ನಾನು ಕೊಟ್ಟ ಪಾಸ್ ಎದುರಾಳಿಗೆ ಸಿಕ್ಕಿತು. ಅದೇ ಗೋಲಾಯಿತು, ಸೋತೆವು. ರಾತ್ರಿ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಧ್ವನಿ ಸಂದೇಶಗಳ ಸಾಲು. ಬೇರೆಯವರ ಬೈಗುಳ ತಡೆದುಕೊಂಡೆ. ಫ್ಲೆಕ್ಸ್‌ಗೆ ದುಡ್ಡು ಕೊಟ್ಟಿದ್ದ ಸೋದರಮಾವ ‘ಮರ್ಯಾದೆ ತೆಗೆದೆಯಲ್ಲ ಮಾರಾಯ’ ಅಂದದ್ದನ್ನು ತಡೆದುಕೊಳ್ಳಲು ಆಗಲಿಲ್ಲ.

ಮುಂದಿನ ಪಂದ್ಯದಲ್ಲಿ ನಾನು ಮಾಡಿದ ತಪ್ಪು ಗ್ಯಾಲರಿಯಿಂದ ಯಾರಿಗೂ ಕಾಣಿಸುವಂಥದ್ದಲ್ಲ. ಚೆಂಡು ಕೇಳುವುದನ್ನು ಬಿಟ್ಟೆ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ತಮ್ಮನೂ ಇದನ್ನೇ ಮಾಡಬಹುದು. ನಮ್ಮ ಡಿಫೆಂಡರ್ ಬಳಿ ಚೆಂಡು ಇರುವಾಗ ಮಿಡ್‌ಫೀಲ್ಡರ್ ಪಾಸ್ ಸಿಗುವ ಜಾಗಕ್ಕೆ ಬಂದು ನಿಲ್ಲಬೇಕು. ನಾನು ಎದುರಾಳಿಯ ಹಿಂದೆ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದೆ. ಆಗ ಪಾಸ್ ಕೊಡುವ ದಾರಿಯೇ ಮುಚ್ಚಿಹೋಗುತ್ತದೆ. ಓಡುತ್ತಿದ್ದೆ, ಬೆವರುತ್ತಿದ್ದೆ, ಕೈ ಬೀಸಿ ಕೂಗುತ್ತಿದ್ದೆ. ಚೆಂಡು ಮಾತ್ರ ನನ್ನ ಹತ್ತಿರ ಬರುತ್ತಿರಲಿಲ್ಲ. ಬಂದರೂ ಒಂದೇ ಸ್ಪರ್ಶದಲ್ಲಿ ಹಿಂದಕ್ಕೆ ಕೊಟ್ಟುಬಿಡುತ್ತಿದ್ದೆ. ಆ ದಿನ ಕಣ್ಣಿಗೆ ಕಾಣುವ ಒಂದೂ ತಪ್ಪು ಮಾಡಲಿಲ್ಲ. ಗ್ರೂಪಿನಲ್ಲಿ ಯಾರೂ ಬೈಯಲಿಲ್ಲ. ಸಮಾಧಾನವಾಗಿ ನಿದ್ದೆ ಬಂತು. ಕೋಚ್‌ಗೆ ಎಲ್ಲ ಕಂಡಿತ್ತು. ಎರಡು ಪಂದ್ಯ ಹೀಗೇ ಆಡಿದೆ, ಆಮೇಲೆ ಬೆಂಚು. ವರ್ಷದ ಕೊನೆಗೆ ಕಾಂಟ್ರಾಕ್ಟ್ ಮುಗಿಯಿತು, ಹೊಸದು ಸಿಗಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ ಮಾರಾಯ್ರೇ. ಟೀಕೆ ತಾಗದ ಹಾಗೆ ಮಾಡಲು ಆಗುವುದಿಲ್ಲ. ತಾಗಲಿ. ತಾಗಿದ ಮೇಲೂ ಚೆಂಡು ಕೇಳುತ್ತಾನಾ, ಅದನ್ನು ಮಾತ್ರ ನೋಡಿ. 2021ರ ಜುಲೈಯಲ್ಲಿ ಯುರೋಪಿನ ದೇಶಗಳ ಟೂರ್ನಿ ಯುರೋ ಫೈನಲ್‌ನ ಕೊನೆಯ ಪೆನಾಲ್ಟಿ ತಪ್ಪಿದಾಗ ಇಂಗ್ಲೆಂಡಿನ ಬುಕಾಯೊ ಸಾಕಾಗೆ 19 ವರ್ಷ. ಮೈಬಣ್ಣ ಹಿಡಿದು ಆನ್‌ಲೈನ್‌ನಲ್ಲಿ ಹೀನಾಯವಾಗಿ ಬೈದರು. ಅದೇ ಹುಡುಗ 2024ರ ಯುರೋ ಕ್ವಾರ್ಟರ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಸಮಬಲದ ಗೋಲು ಹೊಡೆದ, ಪೆನಾಲ್ಟಿ ಶೂಟೌಟ್‌ನಲ್ಲೂ ಚೆಂಡು ಎತ್ತಿಕೊಂಡು ಹೋಗಿ ಗೋಲು ಮಾಡಿದ. ಅವನಿಗೆ ನೋವಾಗಿರಲಿಲ್ಲ ಅಂತ ನಾನು ನಂಬುವುದಿಲ್ಲ.

ಇದಕ್ಕೆ ಅಭ್ಯಾಸ ಬೇಕು. ನಾನೀಗ ಕುಂಬಳೆಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಪಾಸ್ ತಪ್ಪಿದವನು ಒಮ್ಮೆ ಉಸಿರು ಬಿಟ್ಟು ತಕ್ಷಣ ಮುಂದಿನ ಚೆಂಡನ್ನು ಹೆಸರು ಕೂಗಿ ಕೇಳಲೇಬೇಕು. ಆಟದ ಬಗ್ಗೆ ಯಾರ ಮಾತು ಕೇಳಬೇಕು ಎಂದು ಮೂವರ ಹೆಸರನ್ನು ಸೀಸನ್ ಶುರುವಾಗುವ ಮೊದಲೇ ಬರೆದಿಡಿಸುತ್ತೇನೆ. ಮನೆಯವರ ಹೆಸರು ಅದರಲ್ಲಿ ಬೇಡ, ನಿಮ್ಮದೂ ಬೇಡ. ನೀವು ಫೋನ್ ಮಾಡಿದರೆ ಊಟ ಆಯ್ತಾ ಅಂತ ಕೇಳಿ, ಸಾಕು. ನಿದ್ದೆ, ಊಟ ವಾರಗಟ್ಟಲೆ ಕೆಟ್ಟರೆ ಸುಮ್ನೆ ಧೈರ್ಯ ಹೇಳುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಊರಿನ ಗ್ರೂಪಿನಿಂದ ಅವನನ್ನು ಈಗಲೇ ಹೊರಗೆ ತನ್ನಿ. ಫ್ಲೆಕ್ಸ್ ಇವತ್ತೇ ಇಳಿಸಿ. ಕ್ಯಾಂಪ್‌ಗೆ ಹೋಗುವ ಮೊದಲು ಒಮ್ಮೆ ಅವನನ್ನು ಕುಂಬಳೆಗೆ ಕಳಿಸಿ. ಸಂಜೆ ಐದರ ನಂತರ ನಾನು ಮೈದಾನದಲ್ಲೇ ಇರುತ್ತೇನೆ.