ಹೆಸರಾಂತ ವಿಶ್ವವಿದ್ಯಾಲಯ ಬಿಡುವ ಮುನ್ನ

ಎರಡನೆಯ ಸೆಮಿಸ್ಟರ್‌ನಲ್ಲೇ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಬಿಟ್ಟು ಸಾಧಾರಣ ಹೆಸರಿನದಕ್ಕೆ ಹೋಗಲೇ ಎಂದು ಕೇಳಿದ್ದೀರಿ. ನಿಮ್ಮನ್ನು ಹಿಂಡುತ್ತಿರುವುದು ವಿಶ್ವವಿದ್ಯಾಲಯವಲ್ಲ. ನೀವು ಬರೆದಿರುವ, ಮುನ್ನೂರು ಜನರ ಆ ಭೌತಶಾಸ್ತ್ರ ತರಗತಿ ಮತ್ತು ಒಬ್ಬರನ್ನೊಬ್ಬರಿಗೆ ಹೋಲಿಸಿ ಅಂಕ ಕೊಡುವ ಪದ್ಧತಿ ಎಂದು ತೋರುತ್ತದೆ. ಇದರಲ್ಲಿ ಒಂಟಿತನದ ಪಾಲೆಷ್ಟು ಎಂಬುದನ್ನು ಮಾತ್ರ ನೀವೇ ಅಳೆಯಬೇಕು.

ಮೊದಲು, ಪ್ರಾಧ್ಯಾಪಕರನ್ನು ಕೇಳಿಕೊಂಡು, ಮೂರನೆಯ ವರ್ಷದ ಒಂದು ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ನಾನು ಹಾಗೆ ಕುಳಿತ ದಿನ ಹದಿನಾಲ್ಕೇ ಜನರಿದ್ದರು. ಮೇಷ್ಟ್ರು ನನ್ನ ಕೈಗೂ ಸೀಮೆಸುಣ್ಣ ಕೊಟ್ಟು ಹಲಗೆಯ ಹತ್ತಿರ ಕರೆದರು. ಅರ್ಧ ತುಂಬಿದ್ದ ವರ್ಗಾವಣೆ ಅರ್ಜಿ ಅಲ್ಲಿಗೇ ನಿಂತಿತು. ನಿಮಗೆ ಹಾಗನ್ನಿಸದೆಯೂ ಹೋಗಬಹುದು.

ಆಗಲೂ ಬಿಡಬೇಕೆನಿಸಿದರೆ, ಯಾವ ಕ್ರೆಡಿಟ್ ಯಾವ ವಿಷಯದ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಹೊಸ ಕಡೆಯಿಂದ ಬರಹದಲ್ಲೇ ಪಡೆಯಿರಿ. ಕಡ್ಡಾಯ ವಿಷಯವನ್ನು ಐಚ್ಛಿಕವೆಂದು ಒಪ್ಪಿಕೊಂಡು ಮತ್ತೆ ಓದಿಸಿದರೆ ಶುಲ್ಕವೂ ಸಮಯವೂ ದಂಡ. ವಿದ್ಯಾರ್ಥಿವೇತನದ ವಿಚಾರವನ್ನೂ ಕೇಳಿ. ವರ್ಗಾವಣೆಯಾಗಿ ಬರುವ ವಿದೇಶಿಯರಿಗೆ ಅನೇಕ ಕಡೆ ಅದು ಸಿಗುವುದಿಲ್ಲ.

ಹೊಸ ವಿಶ್ವವಿದ್ಯಾಲಯದ ಪ್ರವೇಶಪತ್ರ ಕೈಗೆ ಬರುವ ತನಕ ಇಲ್ಲಿನ ಓದು ನಿಲ್ಲಿಸಬೇಡಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಅನುಮತಿ ಪಡೆದು ನಡುವೆ ಬಿಟ್ಟರೂ ದೇಶ ತೊರೆಯಲು ಸಿಗುವುದು 15 ದಿನ ಮಾತ್ರ. ಪತ್ರ ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಮೆರಿಕ ಸರ್ಕಾರ ಇಡುವ ಗಣಕ ದಾಖಲೆ) ವರ್ಗಾಯಿಸುವ ದಿನಾಂಕವನ್ನು ಪರೀಕ್ಷೆ ಮುಗಿದ ನಂತರಕ್ಕೆ ಗೊತ್ತುಮಾಡಿಸಿ. ಆ ದಿನ ಬಂದರೆ ದಾಖಲೆ ಹೊಸ ಸಂಸ್ಥೆಯ ಕೈಸೇರುತ್ತದೆ. ಅಲ್ಲಿಯವರೆಗೆ ಮನಸ್ಸು ಬದಲಾದರೆ ರದ್ದು ಮಾಡಿಸಬಹುದು.