ನಿರಾಶ್ರಿತರ ಶಿಬಿರದಲ್ಲಿ ನೀರು-ಕಕ್ಕಸಿನ ತಜ್ಞರು ನಿಜವಾಗಿ ಮಾಡುವುದೇನು?

ಪ್ರಶ್ನೆ ಕೇಳಿದವರು ಸಿವಿಲ್ ಎಂಜಿನಿಯರ್. ಹಳ್ಳಿಗಳ ಕುಡಿಯುವ ನೀರಿನ ಕಾಮಗಾರಿ ಮಾಡಿಸಿ ಅನುಭವ ಇದೆ ಅಂದಿದ್ದಾರೆ. ಬಾಂಗ್ಲಾದೇಶದ ರೋಹಿಂಗ್ಯಾ ಶಿಬಿರಗಳ ಸುದ್ದಿ ನೋಡಿ ಅವರಿಗೆ ಬಂದ ಅನುಮಾನ ಇದು: ‘ವಿದೇಶದಿಂದ ಬರುವ ತಜ್ಞರು ಅಲ್ಲಿ ಏನು ಮಾಡುತ್ತಾರೆ? ನಮ್ಮಂಥವರಿಗೆ ಬಾರದ ವಿದ್ಯೆ ಅವರಲ್ಲಿ ಏನಿದೆ? ಆ ಕೆಲಸಕ್ಕೆ ಹೋಗಬೇಕೆಂದರೆ ಏನು ಕಲಿಯಬೇಕು?’

ಬೋರು ಕೊರೆಸುವುದು, ಪೈಪ್ ಎಳೆಸುವುದು, ಟ್ಯಾಂಕ್ ಕೂರಿಸುವುದು ನಿಮಗೆ ಗೊತ್ತಿರುವುದೇ. ಅದರಲ್ಲಿ ಅವರ ಹತ್ತಿರ ಗುಟ್ಟಿನ ವಿದ್ಯೆ ಯಾವುದೂ ಇಲ್ಲ. ವ್ಯತ್ಯಾಸ ಇರುವುದು ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ತಪ್ಪಾದರೂ ಸರಿ ಇವತ್ತೇ ಮಾಡಬೇಕು ಎಂಬ ತೀರ್ಮಾನದಲ್ಲಿ. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಮ್ಯಾನ್ಮಾರ್‌ನ ರಖೈನ್‌ನಿಂದ ಗಡಿ ದಾಟಿ ಕಾಕ್ಸ್ ಬಜಾರ್ ಜಿಲ್ಲೆಯ ಉಖಿಯಾ, ಟೆಕ್ನಾಫ್ ಗುಡ್ಡಗಳಿಗೆ ಬಂದರು. ನಮ್ಮಲ್ಲಿ ಒಂದು ನೀರಿನ ಯೋಜನೆಗೆ ವಿವರವಾದ ವರದಿ (ಡಿಪಿಆರ್) ಆಗುವಷ್ಟು ಹೊತ್ತಿಗೆ ಅಲ್ಲಿ ಒಂದು ಮಹಾನಗರವೇ ಎದ್ದು ನಿಂತಿತ್ತು, ಅದೂ ಚರಂಡಿ ಇಲ್ಲದೆ.

ಮೊದಲ ದಿನದ ಕೆಲಸ ಗುಣಾಕಾರ, ಭಾಗಾಕಾರ. ಸ್ಫಿಯರ್ ಎಂಬ ಕೈಪಿಡಿ ಇದೆ, ಇತ್ತೀಚಿನ ಆವೃತ್ತಿ 2018ರದು. ಪರಿಹಾರ ಕೆಲಸದವರು ಯಾವ ದೇಶದವರಾದರೂ ಆಡುವುದು ಅದರ ಅಂಕಿಗಳ ಭಾಷೆ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. 250 ಜನಕ್ಕೆ ಒಂದು ನಲ್ಲಿ, ಅದರಿಂದ ನಿಮಿಷಕ್ಕೆ 7.5 ಲೀಟರ್ ಬರಬೇಕು. ಕೈಪಂಪಾದರೆ 500 ಜನಕ್ಕೆ ಒಂದು. ಮನೆಯಿಂದ ನೀರಿಗೆ 500 ಮೀಟರ್ ಮೀರಬಾರದು, ಸಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು.

10,000 ಜನರ ಒಂದು ಬ್ಲಾಕ್ ಹಿಡಿಯಿರಿ. ದಿನಕ್ಕೆ 1,50,000 ಲೀಟರ್, ಅಂದರೆ 10,000 ಲೀಟರಿನ ಟ್ಯಾಂಕರ್ 15 ಸಲ ಬರಬೇಕು. ನಲ್ಲಿ 40. ನಲವತ್ತೂ ಸೇರಿ ನಿಮಿಷಕ್ಕೆ 300 ಲೀಟರ್ ಕೊಟ್ಟರೆ ಅಷ್ಟೂ ನೀರು ಹಂಚಲು 500 ನಿಮಿಷ, ಎಂಟು ಗಂಟೆ ಇಪ್ಪತ್ತು ನಿಮಿಷ. ಒತ್ತಡ ಕಮ್ಮಿಯಾಗಿ ನಲ್ಲಿಯಲ್ಲಿ 4 ಲೀಟರ್ ಮಾತ್ರ ಬಂದರೆ ಹದಿನೈದೂವರೆ ಗಂಟೆ ಬೇಕು. ಆಗ ಹೆಂಗಸರು, ಮಕ್ಕಳು ಕತ್ತಲಲ್ಲಿ ಕೊಡ ಹಿಡಿದು ನಿಂತಿರುತ್ತಾರೆ, ಇಲ್ಲವೇ ಹತ್ತಿರದ ಹಳ್ಳದ ನೀರು ತುಂಬಿಕೊಂಡು ಹೋಗುತ್ತಾರೆ. ಕಾಗದದ ಮೇಲೆ ಮಾತ್ರ ‘40 ನಲ್ಲಿ, ಗುರಿ ಸಾಧಿಸಲಾಗಿದೆ’ ಎಂದು ಬರೆದಿರುತ್ತದೆ. ಒಳ್ಳೆಯ ತಜ್ಞ ನಲ್ಲಿಗಳನ್ನು ಎಣಿಸುವುದಿಲ್ಲ, ಬಕೆಟ್ ಇಟ್ಟು ಗಡಿಯಾರ ನೋಡುತ್ತಾನೆ.

ಎಲ್ಲರೂ ಮರೆಯುವ ಇನ್ನೊಂದು ವಸ್ತು ಕೊಡ. ಉಟ್ಟ ಬಟ್ಟೆಯಲ್ಲಿ ಬಂದವರ ಹತ್ತಿರ ಪಾತ್ರೆ ಎಲ್ಲಿಂದ ಬರಬೇಕು? ಮನೆಗೆ 10ರಿಂದ 20 ಲೀಟರಿನ ಎರಡು ಕ್ಯಾನ್ ಬೇಕು, ಒಂದು ಹೊರಲು, ಒಂದು ಮುಚ್ಚಿಡಲು. ಒಂದೇ ಇದ್ದರೆ ಟ್ಯಾಂಕರ್ ತುಂಬಿ ನಿಂತರೂ ತಲೆಗೆ 15 ಲೀಟರ್ ತಲುಪುವುದಿಲ್ಲ.

ಇನ್ನು ಕ್ಲೋರಿನ್. ನೀವು ಬ್ಲೀಚಿಂಗ್ ಪೌಡರ್ ಬಳಸಿಯೇ ಇರುತ್ತೀರಿ, ಆದರೆ ‘ಅಂದಾಜಿಗೆ ಎರಡು ಹಿಡಿ’ ಎಂಬ ಲೆಕ್ಕ ಇಲ್ಲಿ ನಡೆಯದು. 30 ಶೇಕಡಾ ಸತ್ವದ ಬ್ಲೀಚಿಂಗ್ ಪೌಡರ್ ಆದರೆ ಲೀಟರಿಗೆ 33 ಗ್ರಾಂ, 70 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು 15 ಗ್ರಾಂ ಕದಡಿದರೆ 1 ಶೇಕಡಾ ದ್ರಾವಣ. ನಾಲ್ಕು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ 20 ಲೀಟರ್‌ನಂತೆ ಜನಕ್ಕೆ ಹಂಚಬೇಕಾದ ನೀರನ್ನೇ ತುಂಬಿ, ಒಂದೊಂದಕ್ಕೆ 1, 2, 4, 6 ಮಿಲಿಲೀಟರ್ ದ್ರಾವಣ ಹಾಕಿ ಕದಡಿ, ಅರ್ಧ ಗಂಟೆ ಬಿಟ್ಟು ಉಳಿದ ಕ್ಲೋರಿನ್ ಅಳೆಯಿರಿ. ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿದ ಬಕೆಟ್ ನಿಮ್ಮದು. 4 ಮಿಲಿಲೀಟರಿನ ಬಕೆಟ್ ಸರಿಬಂದರೆ 10,000 ಲೀಟರ್ ಟ್ಯಾಂಕಿಗೆ ಅದೇ ದ್ರಾವಣ 2 ಲೀಟರ್.

ಇದರಲ್ಲಿ ಕೆಡುವುದು ಮೂರು ಕಡೆ. ಮೊದಲನೆಯದು ಪುಡಿ: ತೇವ, ಬಿಸಿಲು ತಾಗಿದ ಚೀಲದಲ್ಲಿ 30 ಇದ್ದ ಸತ್ವ ಎಷ್ಟಕ್ಕೆ ಇಳಿದಿದೆಯೋ ಯಾರಿಗೂ ಗೊತ್ತಿರುವುದಿಲ್ಲ, ಹಾಗಾಗಿ ಪ್ರತಿ ಹೊಸ ಚೀಲಕ್ಕೂ ಬಕೆಟ್ ಪರೀಕ್ಷೆ ಮತ್ತೆ ಮಾಡಬೇಕು. ಎರಡನೆಯದು ಮಾತ್ರೆ: ಉಳಿದ ಕ್ಲೋರಿನ್ ನೋಡಲು ನೀರಿಗೆ ಬಣ್ಣ ಬರಿಸುವ ಡಿಪಿಡಿ 1 ಮಾತ್ರೆ ಹಾಕಬೇಕು. ಅವಸರದಲ್ಲಿ ಡಿಪಿಡಿ 3 ಕೂಡ ಹಾಕಿಬಿಟ್ಟರೆ ಬೇರೆ ವಸ್ತುಗಳ ಜೊತೆ ಸೇರಿ ಬಲ ಕಳೆದುಕೊಂಡದ್ದನ್ನೂ ಕೂಡಿಸಿ ಒಟ್ಟು ಕ್ಲೋರಿನ್ ತೋರಿಸುತ್ತದೆ, ನೀರು ಸುರಕ್ಷಿತ ಎಂಬ ಸುಳ್ಳು ಧೈರ್ಯ ಬರುತ್ತದೆ. ಮೂರನೆಯದು ಮಣ್ಣು: ನೀರಿನ ಕದಡು 5 ಎನ್‌ಟಿಯು (ಕದಡು ಅಳೆಯುವ ಮಾನ) ಮೀರಿದ್ದರೆ ಕ್ಲೋರಿನ್ ಮಣ್ಣಿನ ಕಣಗಳಿಗೇ ಖರ್ಚಾಗುತ್ತದೆ, ಮೊದಲು ಪಟಿಕ ಹಾಕಿ ತಿಳಿಯಾಗಿಸಬೇಕು. ಅಳತೆಯನ್ನು ಟ್ಯಾಂಕಿನ ಹತ್ತಿರ ಮಾತ್ರ ಮಾಡಿ ಮುಗಿಸಬೇಡಿ, ಗುಡಿಸಿಲೊಳಗಿನ ಕ್ಯಾನಿನಲ್ಲೂ ಮಾಡಿ. ಜನ ಕುಡಿಯುವುದು ಆ ನೀರನ್ನು. ಮೊದಲ ದಿನವೇ ಹೆಚ್ಚು ಕ್ಲೋರಿನ್ ಸುರಿದರೆ ವಾಸನೆಗೆ ಹೇಸಿ ಜನ ಪಕ್ಕದ ಕೆಟ್ಟ ಬೋರಿಗೆ ಹೋಗುತ್ತಾರೆ. ಕಾಲರಾ ಇಲ್ಲದಿದ್ದರೆ 0.2ರ ಹತ್ತಿರದಿಂದ ಶುರುಮಾಡಿ ಏರಿಸುವುದು ಜಾಣತನ.

ಈಗ ಕಕ್ಕಸು. ತಜ್ಞನಿಗೂ ಬರೀ ಕಂಟ್ರಾಕ್ಟರನಿಗೂ ವ್ಯತ್ಯಾಸ ಕಾಣುವುದು ಇಲ್ಲೇ, ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ಹಂತದಲ್ಲಿ 50 ಜನಕ್ಕೆ ಒಂದು, ಬೇಗನೆ 20ಕ್ಕೆ ಒಂದು. ನಮ್ಮ 10,000 ಜನಕ್ಕೆ ಮೊದಲು 200, ಆಮೇಲೆ 500. ಮನೆಯಿಂದ 50 ಮೀಟರ್ ಒಳಗೆ, ಕುಡಿಯುವ ನೀರಿನ ಮೂಲದಿಂದ 30 ಮೀಟರ್ ಹೊರಗೆ, ಗುಂಡಿಯ ತಳ ಅಂತರ್ಜಲದಿಂದ 1.5 ಮೀಟರ್ ಮೇಲೆ. ಈ ಮೂರನ್ನೂ ಒಟ್ಟಿಗೆ ಪಾಲಿಸಲು ಜಾಗ ಬೇಕು. ಸ್ಫಿಯರ್ ಪ್ರಕಾರ ಶಿಬಿರದಲ್ಲಿ ತಲೆಗೆ 45 ಚದರ ಮೀಟರ್, ಉಖಿಯಾದ ದೊಡ್ಡ ಶಿಬಿರ ಕುಟುಪಾಲಂಗ್‌ನಲ್ಲಿ ಸಿಕ್ಕಿದ್ದು ಸುಮಾರು 11. ಹಾಗಾಗಿ ಮೊದಲ ತಿಂಗಳುಗಳಲ್ಲಿ ಗುಡ್ಡದ ಮೇಲೆ ಕಕ್ಕಸು, ಇಳಿಜಾರಿನಲ್ಲಿ ಆಳವಿಲ್ಲದ ಕೈಪಂಪು, ನಡುವೆ ಕೆಲವೇ ಮೀಟರ್ ಅಂತರ ಎನ್ನುವಂತಾಯಿತು. ಪರೀಕ್ಷೆ ಮಾಡಿದಾಗ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಸಿಕ್ಕಿದ್ದರಲ್ಲಿ ಆಶ್ಚರ್ಯ ಇಲ್ಲ. ಆಮೇಲೆ ಅಂಥ ಪಂಪುಗಳನ್ನು ಮುಚ್ಚಿಸಿ, ಆಳವಾದ ಬೋರು ಕೊರೆದು, ಸೋಲಾರ್ ಪಂಪಿನಿಂದ ಎತ್ತರದ ಟ್ಯಾಂಕಿಗೆ ಏರಿಸಿ, ಕ್ಲೋರಿನ್ ಹಾಕಿ ನಲ್ಲಿಗೆ ಬಿಡುವ ಜಾಲ ಕಟ್ಟಬೇಕಾಯಿತು. ಟೆಕ್ನಾಫ್ ಕಡೆ ಅದೂ ಕಷ್ಟ, ಅಲ್ಲಿ ಅಂತರ್ಜಲವೇ ವಿರಳ. ಮಳೆನೀರು ನಿಲ್ಲಿಸಿ ಶುದ್ಧ ಮಾಡಬೇಕು, ಬೇಸಿಗೆಯಲ್ಲಿ ಟ್ಯಾಂಕರ್ ಓಡಿಸಬೇಕು.

ಗುಂಡಿಯ ಲೆಕ್ಕ ನೋಡಿ. ಉದ್ದ ಅಗಲ 1 ಮೀಟರ್, ಆಳ 2 ಮೀಟರ್ ಅಂದರೆ 2,000 ಲೀಟರ್. ಮೇಲಿನ ಅರ್ಧ ಮೀಟರ್ ಖಾಲಿ ಬಿಡಬೇಕು, ಉಳಿಯುವುದು 1,500. ತಲೆಗೆ ದಿನಕ್ಕೆ 1 ಲೀಟರ್ ಎಂದು ಹಿಡಿದರೆ 50 ಜನ ಅದನ್ನು 30 ದಿನದಲ್ಲಿ ತುಂಬಿಸುತ್ತಾರೆ, 20 ಜನ 75 ದಿನದಲ್ಲಿ. ಅಲ್ಲಿಯವರೂ ನಮ್ಮ ಹಾಗೆ ನೀರು ಬಳಸುವವರು. ಆ ನೀರು ಮಣ್ಣಿಗೆ ಇಂಗಿದರೆ ದಿನ ಹೆಚ್ಚಾಗುತ್ತದೆ, ಜೇಡಿಮಣ್ಣಾದರೆ ಅಥವಾ ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದರೆ ಕಮ್ಮಿಯಾಗುತ್ತದೆ. ನಮ್ಮೂರ ಮನೆಯಲ್ಲಿ ಐದು ಜನರ ಗುಂಡಿ ವರ್ಷಗಟ್ಟಲೆ ಬರುತ್ತದಲ್ಲ ಎಂಬ ಅನುಭವ ಇಲ್ಲಿ ಮೋಸ ಮಾಡುತ್ತದೆ. ಮಲ ಕೊಳೆತು ಕುಗ್ಗಲು ಸಮಯ ಬೇಕು, ಇಲ್ಲಿ ಆ ಸಮಯವೇ ಸಿಗುವುದಿಲ್ಲ.

500 ಕಕ್ಕಸಿನ 1,500 ಲೀಟರನ್ನು ಮೂರು ತಿಂಗಳಿಗೊಮ್ಮೆ ಖಾಲಿ ಮಾಡುವುದೆಂದರೆ ದಿನಕ್ಕೆ 8,000 ಲೀಟರಿಗೂ ಮಿಕ್ಕಿದ ಕೆಸರು. ಸಕ್ಕಿಂಗ್ ಗಾಡಿ ಗುಡ್ಡದ ಕಾಲುದಾರಿ ಹತ್ತುವುದಿಲ್ಲ. ಸಣ್ಣ ಪಂಪ್ ಹೊತ್ತುಕೊಂಡು ಹೋಗಿ, ಪೈಪಿನಲ್ಲಿ ನಡುವಿನ ಒಂದು ತೊಟ್ಟಿಗೆ ಇಳಿಸಿ, ಅಲ್ಲಿಂದ ಮುಂದೆ ಸಾಗಿಸಬೇಕು. ಪೈಪ್ ಹೋಗದ ಕಡೆ ಮುಚ್ಚಳದ ಡ್ರಮ್ಮುಗಳನ್ನು ಮನುಷ್ಯರೇ ಹೊರಬೇಕು. ಅವರಿಗೆ ಗಂಬೂಟು, ಕೈಗವಸು, ಸ್ನಾನದ ನೀರು, ಲಸಿಕೆ ನಿಮ್ಮ ಬಜೆಟ್ಟಿನಲ್ಲೇ ಇರಬೇಕು. ಮನುಷ್ಯರನ್ನು ಗುಂಡಿಗೆ ಇಳಿಸುವುದು ಮಾತ್ರ ಬೇಡವೇ ಬೇಡ. ಗುಂಡಿಯೊಳಗಿನ ಅನಿಲ ಏನು ಮಾಡುತ್ತದೆ ಎಂದು ಕರ್ನಾಟಕದವರಿಗೆ ನಾನು ಹೇಳಬೇಕಾಗಿಲ್ಲ. ಸಾಗಿಸಿದ ಮೇಲೆ ಸುಣ್ಣ ಬೆರೆಸಿ ಪಿಎಚ್ 12ರ ಮೇಲೆ ಕನಿಷ್ಠ ಎರಡು ಗಂಟೆ ಹಿಡಿದಿಟ್ಟರೆ ರೋಗಾಣು ಸಾಯುತ್ತವೆ, ತುರ್ತಿನಲ್ಲಿ ಇದು ಸುಲಭದ ದಾರಿ. ಆದರೆ ಸುಣ್ಣದ ಖರ್ಚು ಎಂದೂ ನಿಲ್ಲುವುದಿಲ್ಲ. ಕಾಕ್ಸ್ ಬಜಾರ್‌ನಲ್ಲಿ 1.5 ಲಕ್ಷ ಜನರ ಮಲ ಸಂಸ್ಕರಿಸಬಲ್ಲ ಘಟಕವನ್ನು ಆಕ್ಸ್‌ಫ್ಯಾಮ್ ಎಂಬ ಪರಿಹಾರ ಸಂಸ್ಥೆ ಶುರುಮಾಡಿದ್ದು 2019ರಲ್ಲಿ. ಜನ ಬಂದು ಒಂದೂವರೆ ವರ್ಷ ಆಗಿತ್ತು. ನನ್ನ ಪ್ರಕಾರ ಈ ಕೆಲಸದಲ್ಲಿ ಪದೇ ಪದೇ ಆಗುವ ತಪ್ಪು ಇದೇ: ಗುಂಡಿ ತೋಡಲು ದಾನಿಗಳು ದುಡ್ಡು ಕೊಡುತ್ತಾರೆ, ಬರಿದು ಮಾಡಲು ಕೊಡುವುದಿಲ್ಲ. ನಕ್ಷೆ ಬರೆಯುವ ದಿನವೇ ಕೆಸರು ಹೋಗುವ ದಾರಿಯನ್ನೂ ಸಂಸ್ಕರಣೆಗೆ ಒಂದು ತುಂಡು ಜಾಗವನ್ನೂ ಗುರುತು ಹಾಕಿ ಹಿಡಿದಿಟ್ಟುಕೊಳ್ಳಬೇಕು. ಒಂದು ವಾರ ಬಿಟ್ಟು ಹೋದರೆ ಆ ಜಾಗದಲ್ಲಿ ಮೂವತ್ತು ಗುಡಿಸಿಲು ಎದ್ದಿರುತ್ತವೆ, ಅವರನ್ನು ಏಳಿಸುವ ಹಕ್ಕು ಯಾರಿಗೂ ಇಲ್ಲ.

ಜಾಗದ ಮಾತು ಬಂದಾಗ ಬೆಂಕಿಯ ಮಾತನ್ನೂ ಹೇಳಿಬಿಡಬೇಕು. ಪ್ರತಿ 300 ಮೀಟರ್ ಗುಡಿಸಿಲ ಸಾಲಿಗೆ 30 ಮೀಟರ್ ಬಯಲು ಬಿಡಬೇಕು ಎಂಬ ನಿಯಮ ಇದೆ. ಬಿದಿರು, ಟಾರ್ಪಾಲಿನ ಊರಿನಲ್ಲಿ ಅದನ್ನು ಬಿಡಲು ಆಗದಿದ್ದರೆ ಏನಾಗುತ್ತದೆ ಎಂಬುದು 2021ರ ಮಾರ್ಚ್ 22ರಂದು ಬಾಲುಖಾಲಿ ಶಿಬಿರದಲ್ಲಿ ಕಂಡಿತು. ಒಂದೇ ಬೆಂಕಿಗೆ ಸುಮಾರು 45,000 ಜನ ಸೂರು ಕಳೆದುಕೊಂಡರು.

ಮಾನವ ಹಕ್ಕು, ರಕ್ಷಣೆ ಎಂಬ ಪದಗಳು ಎಂಜಿನಿಯರಿಗೆ ಬೇರೆ ಇಲಾಖೆಯ ವಿಷಯದಂತೆ ಕೇಳುತ್ತವೆ. ಬಾಗಿಲಿಗೆ ಒಳಗಿನಿಂದ ಚಿಲಕ ಇಲ್ಲ, ದಾರಿಗೆ ದೀಪ ಇಲ್ಲ, ಗಂಡಸರ ಕಕ್ಕಸು ಹೆಂಗಸರದರ ಎದುರಿಗೇ ಇದೆ ಎಂದಾದರೆ ನಿಮ್ಮ 500ರಲ್ಲಿ ಅರ್ಧದಷ್ಟು ರಾತ್ರಿ ಖಾಲಿ ಇರುತ್ತವೆ. ಹೆಣ್ಣುಮಕ್ಕಳು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ, ಸ್ನಾನ ಗುಡಿಸಿಲೊಳಗೇ ಮುಗಿಸುತ್ತಾರೆ, ಆ ನೀರಿಗೆ ಚರಂಡಿ ಇಲ್ಲದೆ ನೆಲ ಕೆಸರಾಗುತ್ತದೆ. ಸಾರ್ವಜನಿಕ ಕಕ್ಕಸಿನಲ್ಲಿ ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು ಎಂಬ ಅನುಪಾತ ಇದೆ. ಅದಕ್ಕಿಂತಲೂ ಒಳ್ಳೆಯದು ಮೂರು-ನಾಲ್ಕು ಮನೆಗೆ ಒಂದು ಕೊಟ್ಟು ಬೀಗದ ಕೈ ಅವರಿಗೇ ಒಪ್ಪಿಸುವುದು, ಆಗ ತೊಳೆಯುವವರೂ ಸಿಗುತ್ತಾರೆ. ಜಾಗ ತೀರ್ಮಾನಿಸುವ ಮೊದಲು ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಬೇಕು, ಕೇಳುವವಳೂ ಹೆಂಗಸೇ ಆಗಿರಬೇಕು, ಭಾಷೆ ಅವರದೇ ಇರಬೇಕು. ರೋಹಿಂಗ್ಯಾ ಮಾತು ಚಿತ್ತಗಾಂಗ್ ಕಡೆಯ ಮಾತಿಗೆ ಹತ್ತಿರ, ಢಾಕಾದ ಬಂಗಾಳಿಗೆ ಅಲ್ಲ. ರಾಜಧಾನಿಯಿಂದ ಬಂದ ದುಭಾಷಿಯನ್ನು ನಂಬಿ ಕೂತರೆ ‘ಎಲ್ಲ ಸರಿಯಿದೆ’ ಎಂಬ ಉತ್ತರವೇ ಬರುತ್ತದೆ.

ಉಳಿದದ್ದು ಸಭೆ, ಕಾಗದ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಸಾಮಾನ್ಯ ವಿಪತ್ತಿನಲ್ಲಿ ನೀರು-ನೈರ್ಮಲ್ಯದ ಕ್ಲಸ್ಟರಿಗೆ, ಅಂದರೆ ಆ ಕೆಲಸದ ಸಂಸ್ಥೆಗಳ ಕೂಟಕ್ಕೆ, ಯುನಿಸೆಫ್ ಮುಂದಾಳು, ನಿರಾಶ್ರಿತರ ವಿಷಯದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್. ಕಾಕ್ಸ್ ಬಜಾರ್‌ನಲ್ಲಿ ವಲಸೆ ಸಂಸ್ಥೆ ಐಒಎಂ ಕೂಡ ದೊಡ್ಡ ಪಾಲು ಹೊತ್ತಿದೆ. ಆದರೆ ಜಾಗದ ಒಡೆಯ ಬಾಂಗ್ಲಾ ಸರ್ಕಾರ. ಒಂದೊಂದು ಶಿಬಿರಕ್ಕೂ ಸರ್ಕಾರದ ಕ್ಯಾಂಪ್-ಇನ್-ಚಾರ್ಜ್ ಇದ್ದಾರೆ, ವಿದೇಶಿ ದುಡ್ಡಿನ ತುರ್ತು ಪರಿಹಾರ ಯೋಜನೆಗೆ ಎಫ್‌ಡಿ-7 ಎಂಬ ಸರ್ಕಾರಿ ಅನುಮತಿ ಬೇಕು. ತಹಶೀಲ್ದಾರ್, ಪಿಡಿಒ, ಜಿಲ್ಲಾ ಪಂಚಾಯಿತಿ ನಡುವೆ ಫೈಲ್ ಓಡಿಸಿ ಅಭ್ಯಾಸವಿರುವ ನಿಮಗೆ ಈ ಭಾಗ ಯುರೋಪಿನಿಂದ ಬಂದವರಿಗಿಂತ ಬೇಗ ಅರ್ಥವಾದೀತು.

ಹೋಗುವ ದಾರಿ. ನೇರ ಅಂತರರಾಷ್ಟ್ರೀಯ ಹುದ್ದೆ ಯಾರಿಗೂ ಸುಲಭಕ್ಕೆ ಸಿಗುವುದಿಲ್ಲ, ಎರಡು-ಮೂರು ವಿಪತ್ತುಗಳಲ್ಲಿ ದುಡಿದ ದಾಖಲೆ ಕೇಳುತ್ತಾರೆ. ಪುಣೆಯ ರೆಡ್‌ಆರ್ ಇಂಡಿಯಾ ಎಂಬ ಸಂಸ್ಥೆ ಈ ಬಗೆಯ ತರಬೇತಿ ಕೊಡುತ್ತದೆ. ಸ್ಫಿಯರ್ ಕೈಪಿಡಿ ಜಾಲತಾಣದಲ್ಲಿ ಉಚಿತ, ನೀರು-ನೈರ್ಮಲ್ಯದ ಅಧ್ಯಾಯವನ್ನು ಪೆನ್ಸಿಲ್ ಹಿಡಿದು ಓದಿ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ, ನಮ್ಮಲ್ಲೇ 2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ-ಮಲಪ್ರಭಾ ತೀರ ಮುಳುಗಿದಾಗ ಶಾಲೆ, ಕಲ್ಯಾಣಮಂಟಪಗಳೇ ಪರಿಹಾರ ಕೇಂದ್ರಗಳಾದವು. ಮುಂದಿನ ನೆರೆಯಲ್ಲಿ ನಿಮ್ಮ ತಾಲ್ಲೂಕಿನ ಕಾಳಜಿ ಕೇಂದ್ರಕ್ಕೆ ಹೋಗಿ. ಶಾಲೆಯಲ್ಲಿ ಎಷ್ಟು ಜನ ಮಲಗಿದ್ದಾರೆ, ಎಷ್ಟು ಕಕ್ಕಸಿನ ಬಾಗಿಲು ತೆರೆದಿದೆ, ಬಕೆಟ್ ತುಂಬಲು ಎಷ್ಟು ನಿಮಿಷ, ಡ್ರಮ್ಮಿನ ನೀರಿನಲ್ಲಿ ಕ್ಲೋರಿನ್ ಎಷ್ಟು ಎಂದು ಬರೆದುಕೊಳ್ಳಿ. ಡಿಪಿಡಿ ಕಿಟ್ ಅಂಗೈಯಗಲ ಇರುತ್ತದೆ, ಮಾತ್ರೆಯ ಅವಧಿ ಮುಗಿದಿಲ್ಲವೇ ಎಂದು ನೋಡಿ ಖರೀದಿಸಿ.