ಅಣ್ಣನ ಮದುವೆಗೆ 4 ಇಂಚಿನ ಪೆನ್ಸಿಲ್ ಹೀಲ್ಸ್ ತಗೊಂಡ ತಂಗಿಗೆ

ತಂಗಿ, ನೀನು ಹಾಕಿದ ಫೋಟೋ ನೋಡಿದೆ. ಡಿಸೆಂಬರಿನಲ್ಲಿ ಅಣ್ಣನ ಮದುವೆ, ಮುಹೂರ್ತಕ್ಕೆ ಕೊಡವ ಸೀರೆ, ರಿಸೆಪ್ಷನ್‌ಗೆ ಲೆಹೆಂಗಾ, ಎರಡಕ್ಕೂ ಈ 4 ಇಂಚಿನ ಗೋಲ್ಡ್ ಪೆನ್ಸಿಲ್ ಹೀಲ್ಸ್ ಸಾಕಾ ಅಂತ ಕೇಳಿದ್ದೀಯ. ಮೇಲಿನ ಕಾಮೆಂಟುಗಳಲ್ಲಿ ಎಲ್ಲರೂ ‘ಸೂಪರ್ ಮ್ಯಾಚ್’ ಅಂತ ಬರೆದಿದ್ದಾರೆ. ಬಣ್ಣ ಮ್ಯಾಚ್ ಆಗುತ್ತದೆ, ನಿಜ. ಆದರೆ ಸೀರೆಗೆ ಅದು ಬೇಡ. ಇದೇ ತಪ್ಪು ನಾನು ಮಾಡಿದ್ದೇನೆ.

ನಮ್ಮ ಸೀರೆಯ ನೆರಿಗೆ ಹಿಂದೆ ಅಲ್ವಾ? ನೆರಿಗೆ ಮುಂದಿದ್ದರೆ ಎಡವುವ ಮೊದಲೇ ಬೆರಳಿಗೆ ತಾಗುತ್ತದೆ, ಕೈಯಲ್ಲಿ ಎತ್ತಿ ಹಿಡಿಯಬಹುದು. ನಮ್ಮದರಲ್ಲಿ ಹೀಲೂ ನೆರಿಗೆಯೂ ಒಂದೇ ಕಡೆ, ಕಣ್ಣಿಗೆ ಕಾಣದ ಕಡೆ. ಮೆಟ್ಟಿಲು ಇಳಿಯುವಾಗ ಹಿಂದಿನ ಅಂಚು ಮೇಲಿನ ಮೆಟ್ಟಿಲ ಮೇಲೇ ಉಳಿಯುತ್ತದೆ. ಹಿಂದಿನ ಕಾಲು ಅದರ ಮೇಲೆ, ಮುಂದಿನ ಕಾಲು ಕೆಳಗೆ. ವಿರಾಜಪೇಟೆ ಕಡೆ ಒಂದು ಮದುವೆಯಲ್ಲಿ ನನಗೆ ಆದದ್ದು ಇದೇ. ಅಮ್ಮನ ಸೀರೆ, ಮಣ್ಣಿನ ಕೆಂಪು, ಸಣ್ಣ ಜರಿ ಅಂಚು. ಮೂರನೇ ಮೆಟ್ಟಿಲಲ್ಲಿ ಹೀಲಿನ ತುದಿ ಅಂಚಿನೊಳಗೆ ಹೊಕ್ಕಿತು. ಹೆಜ್ಜೆ ಮುಂದಿಟ್ಟ ಕೂಡಲೇ ಬಲ ಹೆಗಲಿನ ಪಿನ್ ಹತ್ತಿರ ಚರ್ ಅಂತ ಸದ್ದು. ಒಂದು ಗೇಣು ಹರಿದಿತ್ತು. ಮೈಸೂರಿನಲ್ಲಿ ರಫು ಮಾಡಿಸಿದೆ. ಇವತ್ತಿಗೂ ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ. ಅಮ್ಮ ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನೋವು.

ಇನ್ನೊಂದು ವಿಷಯ ಯಾರೂ ಹೇಳಿಲ್ಲ. ನೀನು ಹುಡುಗನ ತಂಗಿ. ಆವತ್ತು ಎಷ್ಟು ಸಲ ಚಪ್ಪಲಿ ಬಿಡಬೇಕು ಲೆಕ್ಕ ಹಾಕು. ದೀಪ ಇರುವ ನಡುಮನೆ, ಅಂದರೆ ನೆಲ್ಲಕ್ಕಿ ಬಾಡೆಗೆ ಹೋಗುವಾಗ, ಅಕ್ಕಿ ಹಾಕಿ ಹರಸುವಾಗ, ಹಿರಿಯರ ಕಾಲು ಹಿಡಿಯುವಾಗ. 4 ಇಂಚಿಗೆ ಅಂತ ಉಟ್ಟ ಸೀರೆ, ಹೀಲ್ಸ್ ಬಿಟ್ಟ ತಕ್ಷಣ ನೆಲದ ಮೇಲೆ ಎಳೆದಾಡುತ್ತದೆ. ಹಿಂದೆ ಬರುವವರು ತುಳಿಯುತ್ತಾರೆ. ಬರಿಗಾಲಿಗೆ ಸರಿಯಾಗಿ ಉಟ್ಟರೆ ಹೀಲ್ಸ್ ಹಾಕಿದಾಗ ಕಣಕಾಲು ಕಾಣುತ್ತದೆ. ಎರಡಕ್ಕೂ ಸರಿಹೋಗುವುದು 2 ಇಂಚು, ಹೆಚ್ಚೆಂದರೆ ಎರಡೂವರೆ. ದಪ್ಪನೆಯ ಬ್ಲಾಕ್ ಹೀಲ್, ಇಲ್ಲಾ ಹೀಲೂ ಸೋಲೂ ಒಂದೇ ತುಂಡಾಗಿರುವ ವೆಡ್ಜ್. ಬಕಲ್ ಇರುವ ಆಂಕಲ್ ಸ್ಟ್ರಾಪ್ ಬೇಡವೇ ಬೇಡ. ಸೀರೆಯಲ್ಲಿ ಬಗ್ಗಿ ಬಗ್ಗಿ ಬಕಲ್ ಹಾಕುತ್ತಾ ಕೂತರೆ ಸೊಂಟದ ಹತ್ತಿರ ನೆರಿಗೆ ಸಡಿಲ ಆಗುತ್ತದೆ. ಹಿಮ್ಮಡಿಗೆ ಎಲಾಸ್ಟಿಕ್ ಇರುವುದು ನೋಡು.

ನಾನು ಈಗ ಮಾಡುವುದು ಹೀಗೆ. ಮೊದಲು ಹೀಲ್ಸ್, ಆಮೇಲೆ ಲಂಗ, ಕೊನೆಗೆ ಸೀರೆ. ಹೀಲ್ಸ್ ಹಾಕಿ ನಿಂತೇ ಲಂಗ ಕಟ್ಟಬೇಕು. ಲಂಗ ಸೀರೆಗಿಂತ ಎರಡು ಬೆರಳು ಮೇಲೆ ಇರಲಿ. ಉಟ್ಟ ಮೇಲೆ ಯಾರನ್ನಾದರೂ ಕರೆದು ಹಿಂದಿನ ಅಂಚು ನೋಡಿಸು. ಹೀಲ್ಸ್ ಇದ್ದಾಗ ನೆಲಕ್ಕೂ ಅಂಚಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ಆಮೇಲೆ ಹತ್ತು ಹೆಜ್ಜೆ ಹಿಂದಕ್ಕೆ ನಡಿ. ಸುಮ್ನೆ ಅಲ್ಲ. ವಾಲಗಕ್ಕೆ ಕುಣಿಯುವಾಗ ಹಿಂದೆ ಮುಂದೆ ಹೋಗುತ್ತೀಯ, ಗಂಗಾಪೂಜೆಯಲ್ಲಿ ನೀರಿನ ಬಿಂದಿಗೆ ಹೊತ್ತು ಬರುವ ಮದುಮಗಳ ದಾರಿ ತಡೆದು ಗಂಟೆಗಟ್ಟಲೆ ಕುಣಿಯುವವರು ಹುಡುಗನ ಕಡೆಯ ನೀವೇ ಅಲ್ವಾ. ಮನೆಯ ಮೆಟ್ಟಿಲು ಎರಡು ಸಲ ಇಳಿ. ಎಲ್ಲಾದರೂ ಅಂಚು ಸಿಕ್ಕಿದರೆ ಹೀಲ್ ಬದಲಿಸು, ಸೀರೆ ಎತ್ತಿ ಉಡಬೇಡ.

‘ಹುಲ್ಲಿನ ಮೇಲೆ ಬೆರಳಿನಲ್ಲಿ ನಡೆದರೆ ಆಯ್ತು’ ಅಂತ ಒಬ್ಬರು ಬರೆದಿದ್ದಾರೆ. ದಯವಿಟ್ಟು ಹೊಸಬರಿಗೆ ಹೀಗೆಲ್ಲ ಹೇಳಬೇಡಿ. ಡಿಸೆಂಬರಿನಲ್ಲಿ ಬೆಳಗ್ಗೆ ಹತ್ತರವರೆಗೂ ಮಂಜು ಬಿದ್ದ ಹುಲ್ಲು ಒದ್ದೆ, ಕೆಳಗಿನ ಮಣ್ಣು ಮೆತ್ತಗೆ. ಪೆನ್ಸಿಲ್ ಹೀಲ್ ಮೊಳೆಯ ಹಾಗೆ ಇಳಿಯುತ್ತದೆ, ಕಾಲು ಉಳುಕುತ್ತದೆ. ಹೀಲಿನ ತುದಿಗೆ ಹಾಕುವ ಪ್ಲಾಸ್ಟಿಕ್ ಕ್ಯಾಪ್ ಸಿಗುತ್ತದೆ. ಲಾನ್‌ನಲ್ಲಿ ಸ್ವಲ್ಪ ಉಪಯೋಗ ಆಗುತ್ತದೆ. ಆದರೆ ಅಳತೆ ಸರಿ ಇಲ್ಲದಿದ್ದರೆ ಕೆಸರಿನಲ್ಲೇ ಕಳಚಿಕೊಳ್ಳುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಶಾಮಿಯಾನ ಹಾಕಿದ್ದರೆ ಪರವಾಗಿಲ್ಲ, ಸಿಮೆಂಟು. ಸಂದು ಮಾತ್ರ ನೋಡಿಕೋ.

ಬಣ್ಣದ ಬಗ್ಗೆ: ಸೀರೆಗೆ ಮ್ಯಾಚ್ ಮಾಡಬೇಡ, ಒಡವೆಗೆ ಮಾಡು. ಪತ್ತಾಕ್, ಜೋಮಾಲೆ ಹಳೇ ಚಿನ್ನದ್ದಾದರೆ ಮಾಸಿದ ಆಂಟಿಕ್ ಗೋಲ್ಡ್ ಇಲ್ಲಾ ತಾಮ್ರದ ಬಣ್ಣ. ಹೊಳೆಯುವ ಹಳದಿ ಗೋಲ್ಡ್ ಪಕ್ಕದಲ್ಲಿ ಒಡವೆಯೇ ಮಂಕಾಗಿ ಕಾಣುತ್ತದೆ.

ತಗೊಂಡ ಜೋಡಿ ದಂಡ ಅಂತ ಬೇಜಾರು ಮಾಡಬೇಡ. ಲೆಹೆಂಗಾಗೆ ಅದು ಚೆನ್ನಾಗಿದೆ, ರಿಸೆಪ್ಷನ್ ಹಾಲ್ ಒಳಗಾದರೆ. ಟೈಲರ್ ಹತ್ತಿರ ಹೋಗುವಾಗ ಹೀಲ್ಸ್ ಹಾಕಿಕೊಂಡೇ ಉದ್ದ ಅಳೆಸು. ಒಮ್ಮೆ 4 ಇಂಚಿಗೆ ಹೊಲಿಸಿದ ಲೆಹೆಂಗಾ ಚಿಕ್ಕ ಹೀಲ್ಸ್ ಜೊತೆ ನಡೆಯುವುದಿಲ್ಲ. ಆಮೇಲೆ ಬೂಟ್‌ಕಟ್ ಜೀನ್ಸ್‌ಗೂ ಹಾಕಬಹುದು, ಕೆಳಗಿನ ಅಂಚು ಹೀಲನ್ನು ಅರ್ಧಕ್ಕಿಂತ ಜಾಸ್ತಿ ಮುಚ್ಚಬೇಕು. ಪಲಾಝೋಗೆ ಬೇಡ, ಅದಕ್ಕೆ ವೆಡ್ಜ್. ಮೊಣಕಾಲಿನ ಕೆಳಗೆ ಬರುವ ಮಿಡಿಗೆ ಮೈಬಣ್ಣದ ಪಂಪ್ (ಪಟ್ಟಿ ಇಲ್ಲದ ಸಾದಾ ಹೀಲ್ಸ್) ಹಾಕು, ಕಾಲು ಉದ್ದ ಕಾಣುತ್ತದೆ.

ಎತ್ತರ ಬೇಕೇ ಬೇಕು ಅಂದರೆ ಮುಂದೆ ಪ್ಲಾಟ್‌ಫಾರ್ಮ್ ಇರುವುದು ತಗೋ. 3 ಇಂಚಿನ ಹೀಲಿಗೆ 1 ಇಂಚು ಪ್ಲಾಟ್‌ಫಾರ್ಮ್ ಇದ್ದರೆ ಪಾದಕ್ಕೆ 2 ಇಂಚಿನ ಇಳಿಜಾರು ಅಷ್ಟೇ. ಬಾಟಾದ ಬ್ಲಾಕ್ ಹೀಲ್ಸ್ ನೋಡಲು ಸಾದಾ, ಆದರೆ ಇಡೀ ದಿನ ನಿಲ್ಲಲು ನನಗೆ ಅದೇ ಇಷ್ಟ. ಮೆಟ್ರೊ, ಮೋಚಿ ಶೋರೂಂಗಳಲ್ಲಿ ಮದುವೆ ಡಿಸೈನ್ ಚೆನ್ನಾಗಿರುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಆನ್‌ಲೈನಿನಲ್ಲಿ ಮೊದಲ ಜೋಡಿ ತಗೋಬೇಡ. ಸಂಜೆ ಅಂಗಡಿಗೆ ಹೋಗು, ಆಗ ಪಾದ ಸ್ವಲ್ಪ ಊದಿರುತ್ತದೆ, ನಿಜವಾದ ಅಳತೆ ಸಿಗುತ್ತದೆ.

ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಹಳೇ ಜೋಡಿ ಇದ್ದರೆ ಸೀದಾ ಮದುವೆಗೆ ಹಾಕಬೇಡ. ಪಿಯು (ಪಾಲಿಯುರೆಥೇನ್) ಸೋಲ್ ನಮ್ಮ ತೇವಕ್ಕೆ ಒಳಗಿಂದೊಳಗೇ ಹಾಳಾಗಿರುತ್ತದೆ. ಹೊರಗೆ ಹೊಸದರ ಹಾಗೆ ಕಾಣುತ್ತದೆ, ಹಾಕಿ ನಡೆದರೆ ಪುಡಿಪುಡಿ. ಒಂದು ವಾರ ಮೊದಲೇ ಮನೆಯಲ್ಲಿ ಅರ್ಧ ಗಂಟೆ ಹಾಕಿ ಓಡಾಡು. ಬೂಷ್ಟು ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಗಾಳಿಗಿಡು. ಒಲೆಯ ಹತ್ತಿರ ಇಡಬೇಡ, ಬಿಸಿಗೆ ಗೋಂದು ಬಿಡುತ್ತದೆ.

ಭಾನುವಾರ ಒಮ್ಮೆ ಸೀರೆ ಉಟ್ಟು ನೋಡಿ, ಹಿಂದಿನಿಂದ ತೆಗೆದ ಫೋಟೋ ಇಲ್ಲೇ ಹಾಕು. ಅಂಚು ಎಲ್ಲಿ ನಿಂತಿದೆ ಅಂತ ನೋಡಿ ಹೇಳುತ್ತೇನೆ.